ಬೆಳ್ಳಿ ತಂತಿಗೆ ಹಿತ್ತಾಳೆ ಕಿವಿ

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಹೈ-ಫೈಗೆ ಹಾಕಿದ ಕೇಬಲ್ ಸಾಕಷ್ಟು ದಪ್ಪವಿದ್ದು, ಅದರ ಎರಡೂ ತುದಿ ಬಿಗಿಯಾಗಿ ಕೂತಿದ್ದರೆ, ಅದನ್ನು ಕಿತ್ತು ನೂರು ಪಟ್ಟು ಬೆಲೆಯ ಕೇಬಲ್ ಹಾಕಿದರೂ ಕಿವಿಗೆ ಕೇಳುವ ಹಾಡು ಬದಲಾಗುವುದಿಲ್ಲ. ಬದಲಾಗುವುದು ಬ್ಯಾಂಕ್ ಬ್ಯಾಲೆನ್ಸ್ ಮಾತ್ರ. ಇದು ಅವರವರ ಅಭಿರುಚಿಗೆ ಬಿಟ್ಟದ್ದು ಎಂದು ನಕ್ಕು ಸುಮ್ಮನಾಗುವವರ ಜೊತೆಗೇ ನನ್ನ ಜಗಳ. ಭೀಮಸೇನ ಜೋಶಿ ಇಷ್ಟವೋ ಕುಮಾರ ಗಂಧರ್ವ ಇಷ್ಟವೋ ಎಂಬುದು ಅಭಿರುಚಿ. ತಂತಿಯಲ್ಲಿ ಎಷ್ಟು ಸಿಗ್ನಲ್ ಕಳೆದುಹೋಗುತ್ತದೆ ಎಂಬುದು ಲೆಕ್ಕ.

ಈ ಜಗಳ ಈಗ ಯಾಕೆ ಎಂದರೆ, ರೋಗ ನಮ್ಮ ಓಣಿಗೇ ಬಂದಿದೆ. ಐರೋಲಿಯ ಐಟಿ ಪಾರ್ಕುಗಳಲ್ಲಿ ದುಡಿಯುವ ನಮ್ಮಂಥ ಕನ್ನಡಿಗರು, ಹೋಮ್ ಲೋನಿನ ಕಂತು ಒಂದು ಹದಕ್ಕೆ ಬಂದ ಮೇಲೆ ಬರೀ ತಮ್ಮ ಖುಷಿಗೆಂದು ಕೊಳ್ಳುವ ವಸ್ತುಗಳಲ್ಲಿ ಮ್ಯೂಸಿಕ್ ಸಿಸ್ಟಮ್ ಒಂದು. ತಪ್ಪೇನಿಲ್ಲ, ನನ್ನ ಮನೆಯಲ್ಲೂ ಇದೆ. ನನ್ನ ಟೀಮಿನಲ್ಲಿರುವ ಹಾವೇರಿ ಕಡೆಯ ಹುಡುಗನೊಬ್ಬ ದೀಪಾವಳಿ ಬೋನಸ್ಸಿನಲ್ಲಿ ಎಪ್ಪತ್ತು ಸಾವಿರದ ಆಂಪ್ಲಿಫೈಯರ್, ಸ್ಪೀಕರ್ ಕೊಂಡ. ಎರಡೇ ತಿಂಗಳಲ್ಲಿ ಮುಂಬೈಯ ಅಂಗಡಿಯವನೊಬ್ಬ ಅವನಿಗೆ 42 ಸಾವಿರದ ಬೆಳ್ಳಿ ಲೇಪದ ಸ್ಪೀಕರ್ ಕೇಬಲ್ ದಾಟಿಸಿದ. ಅದೇ ತಿಂಗಳು ತಂಗಿಯ ಹಾಸ್ಟೆಲ್ ಫೀಸಿಗೆ ಹುಡುಗ ಕ್ರೆಡಿಟ್ ಕಾರ್ಡ್ ಉಜ್ಜಿದ್ದು ನನಗೆ ಗೊತ್ತು. "ನನಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ" ಎಂದು ಅವನು ಫೋನ್ ಮಾಡಿದರೆ ಬಂದ ಉತ್ತರ: "ನಿಮ್ಮ ಕಿವಿ ಇನ್ನೂ ತಯಾರಾಗಿಲ್ಲ." ದುಡ್ಡು ಹೋದದ್ದು ಹೋಯಿತು. ಆ ಮಾತು ಮಾತ್ರ ನನಗೆ ಅರಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುವ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ತಂತಿ ತಗೊಳ್ಳಿ. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ 3 ಮೀಟರ್, ಹೋಗಿ ಬರಲು 6 ಮೀಟರ್. ಅಷ್ಟು ತಂತಿಯ ರೆಸಿಸ್ಟೆನ್ಸ್ ಸುಮಾರು 0.045 ಓಮ್. ಎದುರಿಗಿರುವ ಸ್ಪೀಕರ್ 8 ಓಮ್‌ನದು. ನಷ್ಟ 0.05 ಡೆಸಿಬೆಲ್. ಸ್ಪೀಕರ್ ಕೆಲವು ಸ್ವರಗಳಲ್ಲಿ 4 ಓಮ್‌ಗೆ ಇಳಿದರೂ ನಷ್ಟ 0.1 ಡೆಸಿಬೆಲ್ ಅಷ್ಟೇ. ಒಳ್ಳೆಯ ಕಿವಿಯೂ ಕಾಲು ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ ಹಿಡಿಯಲು ಒದ್ದಾಡುತ್ತದೆ. ಇನ್ನು ಬೆಳ್ಳಿ. ಅದು ತಾಮ್ರಕ್ಕಿಂತ ಸುಮಾರು ಶೇಕಡಾ 6ರಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ನಿಜ. ಲೇಪ ಬೇಡ, ಇಡೀ ತಂತಿಯನ್ನೇ ಬೆಳ್ಳಿಯಲ್ಲಿ ಎಳೆಸಿ. 8 ಓಮ್ ಸ್ಪೀಕರಿಗೆ ಸಿಗುವ ಲಾಭ 0.003 ಡೆಸಿಬೆಲ್. ಅದೇ ಲಾಭ ಬೇಕಿದ್ದರೆ ತಾಮ್ರದ ತಂತಿಯನ್ನೇ ಒಂದು ಚೂರು ದಪ್ಪಗೆ ತಗೊಂಡರೆ ಆಯಿತು.

ಇದನ್ನು ನಾವು ಕೂತಿರುವ ಕೋಣೆಯ ಜೊತೆ ಹೋಲಿಸಿ ನೋಡಿ. ನವಿ ಮುಂಬೈ ಫ್ಲಾಟಿನ ಒಂದು ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 2.9 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಬಾಸ್ ಸದ್ದು ಹಿಂದೆ ಮುಂದೆ ಬಡಿದು 43 ಹರ್ಟ್ಜ್ ಹತ್ತಿರ ಒಮ್ಮೆ, 57ರ ಹತ್ತಿರ ಒಮ್ಮೆ, 59ರ ಹತ್ತಿರ ಇನ್ನೊಮ್ಮೆ ಉಬ್ಬುತ್ತದೆ. ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕೊನೆಯ ಎರಡು ಒಂದರ ಮೇಲೊಂದು ಕೂರುತ್ತವೆ. ಕೆಳಗೆ ನುಣುಪು ಟೈಲ್ಸ್, ಪಕ್ಕದಲ್ಲಿ ಗಾಜಿನ ಸ್ಲೈಡಿಂಗ್ ಕಿಟಕಿ. ಇಂಥ ಕೋಣೆಯಲ್ಲಿ 10 ಡೆಸಿಬೆಲ್ ಏರುಪೇರು ಮಾಮೂಲಿ. ಸೋಫಾವನ್ನು ಒಂದು ಮೊಳ ಸರಿಸಿದರೆ ತಬಲಾದ ಬಾಯಾ ಬೇರೆಯಾಗಿ ಕೇಳುತ್ತದೆ. ಒಂದು ಕಡೆ 10, ಇನ್ನೊಂದು ಕಡೆ 0.003. ಛಾವಣಿ ಸೋರುತ್ತಿರುವ ಮನೆಯಲ್ಲಿ ಕೂತು ಲೋಟಕ್ಕೆ ಪಾಲಿಶ್ ಹಾಕಿಸುವ ಕೆಲಸ ಇದು.

ಸ್ಪೀಕರ್ ಕೇಬಲ್ಲಾದರೂ ಹೋಗಲಿ, ಪವರ್ ಕಾರ್ಡ್ ಮಾರುವವರ ಧೈರ್ಯ ನೋಡಿ. ಇಡೀ ಮಹಾರಾಷ್ಟ್ರದ ವಿದ್ಯುತ್ ಹಂಚಿಕೆಯನ್ನು ನಿಭಾಯಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಇಲ್ಲೇ, ನಮ್ಮ ಠಾಣೆ-ಬೇಲಾಪುರ ರಸ್ತೆಯಲ್ಲಿ. ಕೊಯ್ನಾದ ನೀರು, ಚಂದ್ರಪುರದ ಕಲ್ಲಿದ್ದಲು ಎಲ್ಲವೂ ಕರೆಂಟಾಗಿ ಒಂದೇ ಗ್ರಿಡ್ ಸೇರಿ, ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿ, ಹಲವು ಟ್ರಾನ್ಸ್‌ಫಾರ್ಮರ್ ದಾಟಿ, ಬಿಲ್ಡರ್ ಹಾಕಿಸಿದ ಗೋಡೆಯೊಳಗಿನ ವೈರಿಂಗಿನಲ್ಲಿ ನಮ್ಮ ಸಾಕೆಟ್ಟಿಗೆ ಬರುತ್ತವೆ. ಅಲ್ಲಿಂದ ಮುಂದಿನ ಒಂದೂವರೆ ಮೀಟರ್ ದುಬಾರಿ ತಂತಿ ಅಷ್ಟೂ ದೂರದ ಕೊಳೆಯನ್ನು ತೊಳೆದುಬಿಡುತ್ತದಂತೆ! ಆಂಪ್ಲಿಫೈಯರ್ ಒಳಗೆ ಹೋದ ಮೇಲೆ ಆ ಎಸಿ ಹೇಗೂ ಡಿಸಿ ಆಗುತ್ತದೆ, ಕೆಪ್ಯಾಸಿಟರ್‌ಗಳಲ್ಲಿ ಸೋಸಿಕೊಳ್ಳುತ್ತದೆ. ಆ ಕೆಲಸಕ್ಕೆಂದೇ ಅಲ್ಲಿ ಪವರ್ ಸಪ್ಲೈ ಇರುವುದು.

ಆಡಿಯೋಗೆಂದೇ ಮಾರುವ ಈಥರ್ನೆಟ್ ಕೇಬಲ್ ಬಗ್ಗೆ ನಮ್ಮ ಕಸುಬಿನವರಿಗೆ ನಾನು ವಿವರಿಸಬೇಕೇ? ಅದರಲ್ಲಿ ಹೋಗುವ ಪ್ರತಿ ಫ್ರೇಮಿಗೂ ಚೆಕ್‌ಸಮ್ ಇರುತ್ತದೆ, ಕೆಟ್ಟದ್ದನ್ನು ಬಿಸಾಡಿ ಮತ್ತೆ ತರಿಸಿಕೊಳ್ಳುವ ವ್ಯವಸ್ಥೆ ಮೇಲಿನ ಹಂತದಲ್ಲಿರುತ್ತದೆ. ಬ್ಯಾಂಕಿನ ಕೋಟಿಗಟ್ಟಲೆ ವ್ಯವಹಾರ ಸಾಧಾರಣ ಕ್ಯಾಟ್-6 ಕೇಬಲ್‌ನಲ್ಲಿ ಒಂದು ಪೈಸೆ ಆಚೀಚೆ ಆಗದೆ ಓಡುತ್ತದೆ. ಅದೇ ಕೇಬಲ್‌ನಲ್ಲಿ ಗಂಗೂಬಾಯಿ ಹಾನಗಲ್ಲರ ದನಿ ಬಂದರೆ ಮಾತ್ರ ತೆಳ್ಳಗಾಗುತ್ತದೆಯೇ? ಡಿಜಿಟಲ್ ಕೇಬಲ್ ಕೆಟ್ಟರೆ ಸದ್ದು ಕಟಕಟ ಎನ್ನುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ದನಿಯ 'ಬೆಚ್ಚನೆಯ ಗುಣ' ಕಡಿಮೆಯಾಗುವುದಿಲ್ಲ.

"ಎಲ್ಲವನ್ನೂ ಮೀಟರಿನಲ್ಲಿ ಅಳೆಯಲಾಗದು, ಕಿವಿಯನ್ನು ನಂಬಿ" ಎಂಬುದು ಎದುರಿನವರ ಕೊನೆಯ ಅಸ್ತ್ರ. ಆಗಲಿ, ಕಿವಿಯನ್ನೇ ನಂಬೋಣ. ಯಾವ ಕೇಬಲ್ ಓಡುತ್ತಿದೆ ಎಂದು ಹೇಳದೆ ಕೇಳಿಸುವ ಪರೀಕ್ಷೆಯಲ್ಲಿ ನಾವು ತೆಗೆದಿಡುವುದು ಕಣ್ಣನ್ನು, ಕಿವಿಯನ್ನಲ್ಲ. ಕಣ್ಣು ಮುಚ್ಚಿ ಕೇಳಿ ಎಂದರೆ ಕಿವಿಗೆ ಅವಮಾನ ಹೇಗಾಗುತ್ತದೆ? 1983ರಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಇಂಥ ಪರೀಕ್ಷೆ ಮಾಡಿತು. ತೀರಾ ತೆಳುವಾದ ತಂತಿ ಸಿಕ್ಕಿಬಿತ್ತು. ದಪ್ಪನೆಯ ಸಾಧಾರಣ ತಂತಿಯನ್ನು ಮಾತ್ರ, ಸಂಗೀತ ಕೇಳುತ್ತಾ ದುಬಾರಿ ಕೇಬಲ್‌ನಿಂದ ಬೇರೆ ಮಾಡಲು ಕೇಳುಗರಿಗೆ ಆಗಲಿಲ್ಲ. 2007ರಲ್ಲಿ ಜೇಮ್ಸ್ ರಾಂಡಿ, 7,250 ಡಾಲರ್ ಬೆಲೆಯ ಒಂದು ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಕೇಬಲ್‌ನಿಂದ ಕೇಳಿಯೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಎಂದು ಸವಾಲು ಹಾಕಿದರು. ಹೆಸರಾಂತ ವಿಮರ್ಶಕರೊಬ್ಬರು ಮುಂದೆ ಬಂದರು. ಕೇಬಲ್ ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ.

ವ್ಯತ್ಯಾಸ ಕೇಳಿಸಿತು ಎನ್ನುವವರೆಲ್ಲ ಸುಳ್ಳುಗಾರರು ಎಂದು ನಾನು ಹೇಳುತ್ತಿಲ್ಲ. ಸಣ್ಣ ವ್ಯತ್ಯಾಸದ ನೆನಪು ಕಿವಿಯಲ್ಲಿ ಕೆಲವೇ ಸೆಕೆಂಡು ನಿಲ್ಲುತ್ತದೆ. ಹಳೆ ಕೇಬಲ್ ಕಿತ್ತು ಹೊಸದು ಹಾಕಿ ಕೂರುವಷ್ಟರಲ್ಲಿ ಅದು ಅಳಿಸಿಹೋಗಿರುತ್ತದೆ. ತಲೆ ನಾಲ್ಕು ಬೆರಳು ಆಚೀಚೆ ಆದರೂ ತಾರಸ್ವರಗಳು ಬೇರೆಯಾಗಿ ತಲುಪುತ್ತವೆ. ಖಾಡಿಯ ಉಪ್ಪುಗಾಳಿಗೆ ಕಿಲುಬು ಹಿಡಿದ ತುದಿಯನ್ನು ಎಳೆದು ಹಾಕಿದಾಗ ಕಿಲುಬು ಉಜ್ಜಿಹೋಗಿ ಸದ್ದು ನಿಜವಾಗಿಯೂ ಸುಧಾರಿಸಬಹುದು. ಹಳೆ ಕೇಬಲ್ಲನ್ನೇ ಮತ್ತೆ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಇದೆಲ್ಲದರ ಮೇಲೆ ಕೊಟ್ಟ ದುಡ್ಡು ಕೂತು ಕೇಳುತ್ತಿರುತ್ತದೆ. "ಇನ್ನೂರು ಗಂಟೆ ಓಡಿಸಿ, ಆಮೇಲೆ ತೆರೆದುಕೊಳ್ಳುತ್ತದೆ" ಎಂಬ ಸಲಹೆಯ ಗುಟ್ಟೂ ಇಷ್ಟೇ. ಇನ್ನೂರು ಗಂಟೆಯಲ್ಲಿ ಪಳಗುವುದು ಕೊಂಡವನ ಮನಸ್ಸು, ತಂತಿಯಲ್ಲ.

ಕೇಬಲ್ ಎಂದರೆ ಏನಾದರೂ ನಡೆದೀತು ಎಂದೂ ಅಲ್ಲ. ಕೂದಲೆಳೆಯಂಥ ತಂತಿಯನ್ನು ಹತ್ತು ಮೀಟರ್ ಎಳೆದರೆ ನಷ್ಟ ಕೇಳಿಸುತ್ತದೆ. ಟರ್ನ್‌ಟೇಬಲ್‌ನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ ಕೇಬಲ್‌ನ ಕೆಪ್ಯಾಸಿಟೆನ್ಸ್ ನಿಜಕ್ಕೂ ಮುಖ್ಯ. ಶೀಲ್ಡಿಂಗ್ ಕೆಟ್ಟಿದ್ದರೆ ಹಮ್ ಬರುತ್ತದೆ. ಇವೆಲ್ಲ ಅಳೆಯಬಹುದಾದ ದೋಷಗಳು, ಇವುಗಳ ಮದ್ದು ಕೆಲವು ನೂರು ರೂಪಾಯಿಗಳಲ್ಲೇ ಮುಗಿಯುತ್ತದೆ.

ಆಫೀಸಿನಲ್ಲಿ ನಾವು ಹೇಗಿರುತ್ತೇವೆ ಎಂದು ನೆನಪಿಸಿಕೊಳ್ಳಿ. "ಸರ್ವರ್ ಬದಲಾಯಿಸಿದ್ದೇವೆ, ಆಪ್ ಈಗ ಇನ್ನಷ್ಟು ಜೀವಂತವಾಗಿದೆ" ಎಂದು ವೆಂಡರ್ ಹೇಳಿದರೆ ಬಿಲ್ ಪಾಸ್ ಮಾಡುತ್ತೇವೆಯೇ? ಮೊದಲೆಷ್ಟಿತ್ತು, ಈಗೆಷ್ಟಿದೆ ಎಂದು ಕೇಳುತ್ತೇವೆ. ಹಾಗೆ ಕೇಳುವುದಕ್ಕೇ ನಮಗೆ ಸಂಬಳ. ಶನಿವಾರ ಸಂಜೆ ಅದೇ ನಾವು ಮಂದ ಬೆಳಕಿನ ಅಂಗಡಿಯಲ್ಲಿ ಕೂತು ಕಿವಿಯ ಮೇಲೆ ಹೂ ಇಡಿಸಿಕೊಂಡು ಬರುತ್ತೇವೆ. ಪುರಾವೆ ಕೇಳುವುದು ನಮಗೆ ಸ್ವಭಾವವಾಗಲಿಲ್ಲ, ಬರೀ ನೌಕರಿಯಾಯಿತು.

ಅದಕ್ಕಿಂತ ದೊಡ್ಡ ಹಾನಿ ಆ "ಕಿವಿ ತಯಾರಾಗಿಲ್ಲ" ಎಂಬ ಮಾತಿನದು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದರ ಮೀಡಿಯಂ ವೇವ್ ಪ್ರಸಾರದಲ್ಲಿ ಮೇಲಿನ ಸ್ವರಾಂಶಗಳು ಬಹುಪಾಲು ಕತ್ತರಿಸಿಯೇ ಬರುತ್ತಿದ್ದವು. ಆ ಗೊರಗೊರ ರೇಡಿಯೋದಲ್ಲೇ ನಮ್ಮ ಕಡೆಯ ಮೇಷ್ಟರು, ನೇಕಾರರು, ಚಾ ಅಂಗಡಿಯವರು ಮಲ್ಲಿಕಾರ್ಜುನ ಮನಸೂರರನ್ನು ಕೇಳಿದರು, ಯಾವ ರಾಗ ಎಂದು ವಾದಿಸಿದರು. ಅವರ ಕಿವಿ ತಯಾರಾಗಿರಲಿಲ್ಲವೇ? ಕೇಳುವ ಶಕ್ತಿಯನ್ನು ಕೊಳ್ಳುವ ಶಕ್ತಿಗೆ ಕಟ್ಟಿಹಾಕುವ ವ್ಯಾಪಾರ ಇದು. ಸಣ್ಣ ಊರಿಂದ ಬಂದು, ತನಗೆ ಏನೋ ಕಡಿಮೆ ಇದೆ ಎಂಬ ಅಳುಕನ್ನು ಇನ್ನೂ ಬಿಡದ ಹುಡುಗರ ಮೇಲೆ ಅದು ಬೇಗ ನಾಟುತ್ತದೆ.

ಹಾಗಾದರೆ ಸಿಸ್ಟಮ್ ಸುಧಾರಿಸುವುದು ಬೇಡವೇ? ಬೇಕು. ಸ್ಪೀಕರನ್ನು ಮೂಲೆಯಿಂದ ಹೊರಗೆ ತನ್ನಿ. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕ ತುಂಬಿದ ಕಪಾಟು ಇರಲಿ. ಇವು ಬಾಸ್ ಉಬ್ಬರವನ್ನು ಅಷ್ಟಾಗಿ ಇಳಿಸವು, ಆದರೆ ಮಾತು ಮತ್ತು ಸ್ವರವನ್ನು ಬಿಡಿಬಿಡಿಯಾಗಿ ಕೇಳಿಸುತ್ತವೆ. ಬಾಸ್‌ಗೆ ಸೋಫಾದ ಜಾಗ ಹುಡುಕಿ. ದುಡ್ಡು ಉಳಿದರೆ ಒಳ್ಳೆಯ ಸ್ಪೀಕರ್ ಕೊಳ್ಳಿ. ಇನ್ನೂ ಉಳಿದರೆ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೋ ಠಾಣೆಯ ಗಡ್ಕರಿ ರಂಗಾಯತನಕ್ಕೋ ಹೋಗಿ ಎದುರು ಕೂತು ಕೇಳಿ.

ಇಷ್ಟಾದ ಮೇಲೂ ನನ್ನ ಮಾತು ಒಪ್ಪದವರಿಗೆ ಒಂದು ಕೆಲಸ. ಗೆಳೆಯನೊಬ್ಬ ನಿಮಗೆ ಕಾಣದಂತೆ ನಾಣ್ಯ ಚಿಮ್ಮಿ ಕೇಬಲ್ ಆರಿಸಲಿ, ಪ್ರತಿ ಸಲವೂ ಎರಡರ ತುದಿಗಳನ್ನೂ ಕಿತ್ತು ಮತ್ತೆ ಜೋಡಿಸಲಿ. ವಾಲ್ಯೂಮ್ ಮುಟ್ಟಬೇಡಿ. ಹೀಗೆ 16 ಸಲ ಕೇಳಿ, ಯಾವುದೆಂದು ಬರೆದಿಡಿ. ಬರೀ ಊಹೆಯಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ನಿಮಗೆ 12 ಬಂದರೆ, ಮರುದಿನ ಇನ್ನೊಮ್ಮೆ ಬಂದರೆ, ನಾನೇ ನಿಮ್ಮ ಮನೆಗೆ ಕೇಳಲು ಬರುತ್ತೇನೆ. ಅಲ್ಲಿಯವರೆಗೆ ಆ 42 ಸಾವಿರ ಬ್ಯಾಂಕಿನಲ್ಲೇ ಇರಲಿ.