ಸಂತಾನಹೀನತೆ: ದೋಷ ಯಾರದು?

ಮಕ್ಕಳಾಗದ ಮನೆಯಲ್ಲಿ ಎಲ್ಲರ ದೃಷ್ಟಿಯೂ ಸೊಸೆಯ ಮೇಲೆಯೇ ಬೀಳುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ. ಹರಕೆ, ಔಷಧಿ, ನಿಂದೆ ಎಲ್ಲವೂ ಅವಳ ಪಾಲಿಗೆ. ಗಂಡನನ್ನು ಪರೀಕ್ಷಿಸುವ ಮಾತೇ ಏಳುವುದಿಲ್ಲ. ಅಂಥ ಮನೆಯವರು ಈ ಸಂಗತಿಯನ್ನು ಅರಿಯಬೇಕು.

ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಲ್ಯಾಥ್ರಪ್‌ನಲ್ಲಿ ಬೆಳೆಗಳಿಗೆ ಹಾಕುವ ವಿಷೌಷಧಿಗಳ ಕಾರ್ಖಾನೆಯೊಂದಿತ್ತು. ತಮ್ಮಲ್ಲಿ ಹಲವರಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಅಲ್ಲಿಯ ಕಾರ್ಮಿಕರು ತಾವೇ ಗುರುತಿಸಿದರು. 1977ರಲ್ಲಿ ಪರೀಕ್ಷಿಸಿದಾಗ ಕೆಲವರಲ್ಲಿ ವೀರ್ಯಾಣುಗಳು ತೀರ ವಿರಳ, ಕೆಲವರಲ್ಲಿ ಒಂದೂ ಇರಲಿಲ್ಲ. ಬೇರಿನ ಜಂತುಹುಳುಗಳನ್ನು ಕೊಲ್ಲಲು ಮಣ್ಣಿಗೆ ಸೇರಿಸುತ್ತಿದ್ದ ಡಿ.ಬಿ.ಸಿ.ಪಿ. ಎಂಬ ರಾಸಾಯನಿಕವೇ ಇದಕ್ಕೆ ಕಾರಣವಾಗಿತ್ತು. ಅದರಿಂದ ಇಲಿಗಳ ವೃಷಣಗಳು ಕುಗ್ಗುವುವೆಂದು 1961ರಲ್ಲಿಯೇ ಪ್ರಕಟವಾಗಿದ್ದರೂ ತಯಾರಿಕೆ ನಿಂತಿರಲಿಲ್ಲ. 1979ರಲ್ಲಿ ಆ ದೇಶ ಅದರ ಬಳಕೆಯನ್ನು ಬಹುಮಟ್ಟಿಗೆ ತಡೆಯಿತು. ಅದರ ಸಂಪರ್ಕ ತಪ್ಪಿದ ಮೇಲೆ ಕೆಲವರು ಚೇತರಿಸಿಕೊಂಡರು. ಕೆಲವರಿಗೆ ಆ ಭಾಗ್ಯ ಒದಗಲಿಲ್ಲ.

ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಇಂದು ತಗುಲಿದ ವಿಷದ ಫಲ ತಿಂಗಳುಗಳ ನಂತರ ಕಾಣಬಹುದು. ಹೊಲಕ್ಕೆ ಔಷಧಿ ಸಿಂಪಡಿಸುವವರು ಕೈ, ಮುಖ, ಮೈ ಮುಚ್ಚಿಕೊಳ್ಳಲಿ; ಕೆಲಸ ಮುಗಿದೊಡನೆ ಸ್ನಾನ ಮಾಡಲಿ; ಆ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಲಿ. ಸಂತಾನ ತಡವಾದರೆ ದಂಪತಿಗಳಿಬ್ಬರೂ ಕೂಡಿ ವೈದ್ಯರಲ್ಲಿಗೆ ಹೋಗಬೇಕು. ಗಂಡನು ತನ್ನ ಕಾಯಕ ಯಾವುದು, ಯಾವ ಔಷಧಿ ಮುಟ್ಟುತ್ತಾನೆ ಎಂಬುದನ್ನು ಸಂಕೋಚವಿಲ್ಲದೆ ಹೇಳಲಿ. ವೀರ್ಯಪರೀಕ್ಷೆ ಸುಲಭವಾದುದು. ಅದಕ್ಕೆ ಮೊದಲೇ ಮನೆಯ ಹೆಣ್ಣುಮಗಳನ್ನು ಬಂಜೆಯೆಂದು ಕರೆಯುವುದು ಅನ್ಯಾಯವೆಂದು ನಾವು ಹೇಳುತ್ತೇವೆ.