ಹಾಡಿನ ಪಾಠಕ್ಕೆ ಈ ಮಕ್ಕಳನ್ನೂ ಕರೆಯಿರಿ

ಸಿರುಗುಪ್ಪ ತಾಲ್ಲೂಕಿನ ಒಂದು ಊರಿಗೆ ಭತ್ತದ ಸುದ್ದಿಗೆಂದು ಹೋಗಿದ್ದೆವು. ನಾವು ಕೂತಿದ್ದ ಮನೆಯ ಪಡಸಾಲೆಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ಗಿರಗಿರ ತಿರುಗಿಸುತ್ತಿದ್ದ. ಕರೆದರೆ ತಿರುಗಿ ನೋಡಲಿಲ್ಲ. "ಅವಂಗೆ ಮಾತು ಬರಂಗಿಲ್ರೀ" ಅಂದರು ತಾಯಿ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಆದ್ರ ಗುಡ್ಯಾಗ ಭಜನಿ ಶುರು ಆತಂದ್ರ ಓಡಿ ಹೋಗಿ ಕೂಡ್ತಾನ. ಹಾಡಿನ ಕೊನಿಗೆ ದನಿ ಕೂಡಿಸ್ತಾನ."

ಭತ್ತದ ಸುದ್ದಿ ಬರೆದು ಮುಗಿಸಿದೆವು. ಆ ಹುಡುಗ ಮಾತ್ರ ತಲೆಯಲ್ಲೇ ಉಳಿದ.

ಅವನನ್ನು ಸಂಗೀತ ಪಾಠಕ್ಕೆ ಕಳಿಸಿದ್ದೀರಾ ಎಂದು ಕೇಳಿದ್ದೆವು. ಒಮ್ಮೆ ಕರೆದುಕೊಂಡು ಹೋಗಿದ್ದರಂತೆ. ಉಳಿದ ಮಕ್ಕಳಿಗೆ ತೊಂದರೆ ಆಗುತ್ತದೆ, ಸುಮ್ಮನೆ ಕೂರುವುದು ಕಲಿತ ಮೇಲೆ ಕರೆತನ್ನಿ ಎಂದು ಹೇಳಿ ಕಳಿಸಿದರಂತೆ. ಸುಮ್ಮನೆ ಕೂರುವುದನ್ನು ಕಲಿಯಲಿ ಎಂದೇ ಆ ತಾಯಿ ಅವನನ್ನು ಅಲ್ಲಿಗೆ ಒಯ್ದಿದ್ದು.

ಇದೇ ಸೀಮೆಯಲ್ಲಿ, ಕಣ್ಣು ಕಾಣದ ಮಗು ಹಾರ್ಮೋನಿಯಂ ಮುಂದೆ ಕೂತರೆ ಸಭೆಯೇ ಕೈ ಮುಗಿಯುತ್ತದೆ. ಅದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಕಾರಣ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಪುಟ್ಟರಾಜರು 2010ರಲ್ಲಿ ತೀರಿಕೊಳ್ಳುವವರೆಗೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂತು. ಕುರುಡು ಮಗು ಎಂದರೆ ಪೂರ್ವಜನ್ಮದ ಕರ್ಮ ಅನ್ನುತ್ತಿದ್ದ ಜನ, ಆ ಮಗು ಹಾಡಿದರೆ ಕಿವಿಗೊಡುವುದನ್ನು ಕಲಿತರು. ಆದರೆ ಮಾತು ಬಾರದ, ಕೂತಲ್ಲಿ ಕೂರದ, ಅಕ್ಷರ ತಲೆಗೆ ಹತ್ತದ ಮಗುವಿಗೆ ನಾವು ಇನ್ನೂ ಅಂಥದೊಂದು ಜಾಗ ಮಾಡಿಕೊಟ್ಟಿಲ್ಲ. ಅವರಿಗೆ ಸಿಗುವುದು "ಹುಚ್ಚ", "ದಡ್ಡ", "ಗಾಳಿ ಸೋಕಿದೆ" ಎಂಬ ಹೆಸರುಗಳು.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಸಂಗೀತ ಹೇಳಿಕೊಡುವವರು ವಾರಕ್ಕೆ ಒಂದು ಹೊತ್ತನ್ನಾದರೂ ಇಂಥ ಮಕ್ಕಳಿಗೆ ಇಡಬೇಕು. ನಾವು ಕೇಳುತ್ತಿರುವುದು ಇಷ್ಟನ್ನೇ.

ಸಂಗೀತದಿಂದ ಆಗುವುದೇನು? ಇಲ್ಲಿ ನೇರವಾಗಿ ಮಾತಾಡಬೇಕು, ಏಕೆಂದರೆ ಫೋನಿನಲ್ಲಿ ಬರುವ ಸುಳ್ಳು ಬಹಳ. ಈ ರಾಗ ಕೇಳಿಸಿದರೆ ಬುದ್ಧಿ ಬೆಳೆಯುತ್ತದೆ, ಆ ರಾಗ ಕೇಳಿಸಿದರೆ ಆಟಿಸಂ ವಾಸಿಯಾಗುತ್ತದೆ ಎನ್ನುವ ವಿಡಿಯೋಗಳು ನಿಮಗೂ ಬಂದಿರುತ್ತವೆ. ನಂಬಬೇಡಿ. ಮೊಝಾರ್ಟ್ ಸಂಗೀತ ಕೇಳಿದರೆ ಮಕ್ಕಳು ಜಾಣರಾಗುತ್ತಾರೆ ಎಂದು ಜಗತ್ತೆಲ್ಲ ಸಿ.ಡಿ. ಮಾರಿದರಲ್ಲ, ಅದರ ಮೂಲ 1993ರ ಒಂದು ಸಣ್ಣ ಪ್ರಯೋಗ. ಅದರಲ್ಲಿ ಮಕ್ಕಳೇ ಇರಲಿಲ್ಲ. ಇದ್ದವರು ಕಾಲೇಜು ವಿದ್ಯಾರ್ಥಿಗಳು, ಅವರಲ್ಲಿ ಕಂಡ ಫಲವೂ ಕಾಲು ಗಂಟೆಯೊಳಗೆ ಇಳಿದುಹೋಗಿತ್ತು.

ಆಟಿಸಂ ಇರುವ ಮಕ್ಕಳ ಮೇಲೆ ಸರಿಯಾದ ಪರೀಕ್ಷೆಗಳೂ ನಡೆದಿವೆ. ಒಂಬತ್ತು ದೇಶಗಳ 364 ಮಕ್ಕಳನ್ನು ಐದು ತಿಂಗಳು ಗಮನಿಸಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸಂಗೀತ ಚಿಕಿತ್ಸೆಯಿಂದ ಆಟಿಸಂ ಲಕ್ಷಣಗಳೇನೂ ಗಣನೀಯವಾಗಿ ಇಳಿಯಲಿಲ್ಲ ಎಂದಿತು ಅದು. 2022ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ 26 ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ ಚಿತ್ರ ಸ್ವಲ್ಪ ಬದಲಾಯಿತು. ಸಂಗೀತ ಚಿಕಿತ್ಸೆ ಪಡೆದ ಮಕ್ಕಳು ಒಟ್ಟಾರೆಯಾಗಿ ಸುಧಾರಿಸುವ ಸಾಧ್ಯತೆ ಹೆಚ್ಚು, ಅವರ ಬದುಕು ಒಂದಿಷ್ಟು ಹಗುರಾಗುತ್ತದೆ ಎಂದು ಕಂಡಿತು. ಮಾತು ಬರುವ ವಿಷಯದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಓದು ಹತ್ತದ ಮಕ್ಕಳ ವಿಷಯದಲ್ಲಿ ಇಟಲಿಯ ಒಂದು ಪ್ರಯೋಗವಿದೆ. ಒಂದು ಗುಂಪಿಗೆ ಏಳು ತಿಂಗಳು ಲಯದ ಮೇಲೆ ಒತ್ತು ಕೊಟ್ಟು ಸಂಗೀತ ಕಲಿಸಿದರು, ಇನ್ನೊಂದಕ್ಕೆ ಚಿತ್ರಕಲೆ. ಸಂಗೀತ ಕಲಿತ ಮಕ್ಕಳಿಗೆ ಪದದೊಳಗಿನ ದನಿಗಳನ್ನು ಬಿಡಿಸಿಕೊಳ್ಳುವುದೂ ಓದುವುದೂ ಹೆಚ್ಚು ಸುಧಾರಿಸಿತು. 2015ರಲ್ಲಿ ಅದು ಪ್ರಕಟವಾಯಿತು.

ಈ ಎಲ್ಲದರಲ್ಲೂ ಮಗು ಬರೀ ಕೇಳುತ್ತಾ ಕೂತಿರಲಿಲ್ಲ. ಎದುರಿಗೆ ಒಬ್ಬರು ಕೂತು ಅದರ ಜೊತೆ ಹಾಡುತ್ತಿದ್ದರು, ಬಾರಿಸುತ್ತಿದ್ದರು, ತಟ್ಟುತ್ತಿದ್ದರು. ಮಗುವಿನ ಕೈಗೆ ಫೋನು ಕೊಟ್ಟು ರಾಗ ಹಚ್ಚಿಟ್ಟರೆ ಅದು ಫೋನು ನೋಡಿದಂತೆಯೇ ಆಯಿತು.

ಹಾಗಾದರೆ ಶಾಸ್ತ್ರೀಯ ಸಂಗೀತವೇ ಏಕೆ, ಭಜನೆ ಸಾಲದೇ? ಸಾಕು, ಧಾರಾಳವಾಗಿ ಸಾಕು. ಅಕ್ಷರ ಕಲಿಯದ ದರೋಜಿ ಈರಮ್ಮನವರು ಬುರ್ರಕಥೆಗಳನ್ನು ರಾತ್ರಿಯಿಡೀ ನೆನಪಿನಿಂದಲೇ ಹಾಡಿದ ಸೀಮೆ ಇದು. ಪುಸ್ತಕದಿಂದ ತಲೆಗೆ ಇಳಿಯದ್ದು ಹಾಡಿನಿಂದ ಇಳಿಯಬಹುದು ಎಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆದರೆ ಶಾಸ್ತ್ರೀಯ ಸಂಗೀತದ ಮೊದಲ ಪಾಠದಲ್ಲಿ ಒಂದು ಗುಣವಿದೆ, ಅದು ಈ ಮಕ್ಕಳಿಗೆಂದೇ ಮಾಡಿದಂತಿದೆ.

ಆ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತಾರೆ. ಅವರ ಹೆಸರಿನ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲಿದೆ. ಸರಳೆ ವರಸೆಯನ್ನೇ ನೋಡಿ. ಮೊದಲ ದಿನ ಬರೀ ಸ ರಿ ಗ ಮ ಪ ದ ನಿ ಸ, ಏರುವುದು, ಇಳಿಯುವುದು. ಮುಂದಿನ ಪಾಠದಲ್ಲಿ ಅವೇ ಸ್ವರಗಳು, ಸ್ವಲ್ಪ ಜೋಡಣೆ ಬೇರೆ. ರಾಗ ಒಂದೇ, ಮಾಯಾಮಾಳವಗೌಳ. ತಾಳ ಒಂದೇ, ಆದಿತಾಳ. ಅದೇ ಪಾಠ ಮೊದಲು ನಿಧಾನ, ಆಮೇಲೆ ಎರಡರಷ್ಟು ವೇಗ, ಆಮೇಲೆ ನಾಲ್ಕರಷ್ಟು. ಹೊಸದು ಬರುವುದು ಚೂರು ಚೂರಾಗಿ, ಹಳೆಯದು ಹಾಗೇ ಇರುತ್ತದೆ. ದಿಢೀರ್ ಬದಲಾವಣೆ ಕಂಡರೆ ಗಾಬರಿಯಾಗುವ ಮಗುವಿಗೆ ಇದಕ್ಕಿಂತ ನಂಬಿಕೆಯ ಪಾಠ ಯಾವುದಿದೆ? ನೂರು ಸಲ ಹೇಳಿಸಿದರೂ ಇಲ್ಲಿ ಯಾರೂ ದಡ್ಡ ಅನ್ನುವುದಿಲ್ಲ, ಸಾಧನೆ ಅನ್ನುತ್ತಾರೆ.

ಇನ್ನು ತಾಳ. ಆದಿತಾಳ ಎಂದರೆ ಎಂಟು ಎಣಿಕೆ. ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳಿನಿಂದ ಶುರುಮಾಡಿ ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ತಟ್ಟಿ ಕೈ ತಿರುಗಿಸುವುದು. ಬಾಯಿ ಹಾಡುತ್ತದೆ, ಕೈ ಎಣಿಸುತ್ತದೆ, ಕಣ್ಣು ಗುರುವಿನ ಕೈ ನೋಡುತ್ತದೆ. ಗುರು ಹಾಡುವಾಗ ಮಗು ಕಾಯಬೇಕು, ನಿಲ್ಲಿಸಿದಾಗ ತಾನು ಹಾಡಬೇಕು. ಕಾಯುವುದು, ನೋಡುವುದು, ತನ್ನ ಸರದಿ ಬಂದಾಗ ಉತ್ತರಿಸುವುದು ಮಾತುಕತೆಗೂ ಬೇಕಾದ ಅಭ್ಯಾಸಗಳೇ.

ಬಳ್ಳಾರಿ 1953ರ ತನಕ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಇಲ್ಲಿ ಕರ್ನಾಟಕ ಸಂಗೀತದವರೂ ಇದ್ದಾರೆ, ಗದಗ-ಧಾರವಾಡದ ಕಡೆಯ ಹಿಂದೂಸ್ತಾನಿಯವರೂ ಇದ್ದಾರೆ. ಯಾವುದಾದರೂ ಆದೀತು. ನಮಗೆ ಬೇಕಿರುವುದು ತಾಳ್ಮೆ ಇರುವ ಮೇಷ್ಟ್ರು.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆ ನೆನಪಾಗಿ ಒಂದು ಮಾತು. ಜಾತ್ರೆಯ ಸ್ಪೀಕರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ನಾವು ಹಠಮಾರಿ ಅನ್ನುತ್ತೇವೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಜೋರು ಸದ್ದು ನಿಜವಾಗಿಯೂ ಹಿಂಸೆ. ಸಂಗೀತ ಒಳ್ಳೆಯದು ಎಂದು ಅಂಥ ಮಗುವನ್ನು ಮೈಕಿನ ಮುಂದೆ ಕೂರಿಸಬೇಡಿ.

ಮತ್ತೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಪೂರ್ತಿ ಓದಿ. ಹಾಡಿನ ಪಾಠ ಸಿಕ್ಕಿತೆಂದು ಆಸ್ಪತ್ರೆ ಬಿಡಬಾರದು. ಎರಡು ವರ್ಷವಾದರೂ ಎರಡು ಪದ ಕೂಡಿಸಿ ಮಾತಾಡದ, ಹೆಸರು ಹಿಡಿದು ಕರೆದರೆ ತಿರುಗದ ಮಗುವನ್ನು ಮೊದಲು ತೋರಿಸಬೇಕು. ಕಿವಿ ಕೇಳುತ್ತದೆಯೇ ಎಂಬುದರ ಪರೀಕ್ಷೆಯೂ ಆಗಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆ ಮಕ್ಕಳನ್ನು ಒಂದು ಸಲ ವೈದ್ಯರ ತಂಡ ನೋಡಬೇಕು. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಬಚ್ಚಿಡುವವರನ್ನು ನಾವು ಕಂಡಿದ್ದೇವೆ. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿವೆ. ಗುರುತಿನ ಚೀಟಿ ಮಾಡಿಸುವುದು ಹೇಗೆಂದು ಗೊತ್ತಿಲ್ಲದಿದ್ದರೆ ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಕೊರತೆ ಇರುವುದು ದಾರಿಯದು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ವಾರಕ್ಕೆರಡು ಸಲ ಮಾತಿನ ತರಬೇತಿಗೆ ಕರೆದೊಯ್ಯಿರಿ ಅಂದರೆ ಎರಡು ದಿನದ ಕೂಲಿ ಹೋಯಿತು, ಬಸ್ಸಿನಲ್ಲಿ ಮಗುವನ್ನು ಹಿಡಿದು ಕೂರುವ ಪಾಡು ಬೇರೆ. ಮೂರು ತಿಂಗಳಿಗೆ ಬಿಟ್ಟುಬಿಡುತ್ತಾರೆ. ಊರಲ್ಲೇ ಸಿಗುವ ಹಾಡಿನ ಪಾಠ ಆ ತರಬೇತಿಯ ಜಾಗಕ್ಕೆ ಬರಲಾರದು. ಆದರೆ ಒಂದು ತರಬೇತಿಗೂ ಇನ್ನೊಂದಕ್ಕೂ ನಡುವಿನ ಖಾಲಿ ದಿನಗಳಲ್ಲಿ ಮಗುವನ್ನು ಹಿಡಿದಿಡಬಲ್ಲದು. ತಾಯಿಗೂ ಮನೆಯಿಂದ ಹೊರಗೆ ಒಂದು ಗಂಟೆ, ಇನ್ನಿಬ್ಬರು ತಾಯಂದಿರ ಪರಿಚಯ ಸಿಗುತ್ತದೆ.

ಸಂಗೀತ ಹೇಳಿಕೊಡುವವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ: ಮೊದಲ ವಾರ ಹತ್ತೇ ನಿಮಿಷ ಇಟ್ಟುಕೊಳ್ಳಿ. ಮಗು ಬಾಗಿಲ ಹತ್ತಿರ ನಿಲ್ಲುತ್ತೇನೆ ಅಂದರೆ ನಿಲ್ಲಲಿ, ತಾಯಿಯೂ ಒಳಗೇ ಕೂರಲಿ. ಶ್ರುತಿ ಸಣ್ಣದಾಗಿ ಇರಲಿ. ಪ್ರತಿ ಸಲ ಒಂದೇ ಜಾಗ, ಒಂದೇ ಹೊತ್ತು, ಶುರುವಿಗೆ ಒಂದೇ ಹಾಡು. ಅದು ತಟ್ಟೆ ತಿರುಗಿಸಿದರೆ ಕಸಿದುಕೊಳ್ಳಬೇಡಿ, ಆ ತಟ್ಟೆಯ ಮೇಲೆಯೇ ನಿಧಾನಕ್ಕೆ ತಾಳ ಹಾಕಿ ನೋಡಿ.