ಅಧ್ಯಕ್ಷರಿಗೆ ಎಐ ಯಾಕೆ ಎನ್ನುವವರಿಗೆ

ಗ್ರಾಮ ಪಂಚಾಯಿತಿಯ ಅಧ್ಯಕ್ಷರು, ಸದಸ್ಯರು ಕೃತಕ ಬುದ್ಧಿಮತ್ತೆ (ಎಐ) ಎಂದರೇನೆಂದು ತಿಳಿದುಕೊಳ್ಳಬೇಕು, ಊರಿನ ಹವಾಮಾನ ಯೋಜನೆಗೆ ಅದನ್ನು ಬಳಸುವುದನ್ನೂ ಅನುಮಾನಿಸುವುದನ್ನೂ ಕಲಿಯಬೇಕು ಎಂದರೆ ನಮ್ಮ ಸೀಮೆಯಲ್ಲಿ ಮೊದಲು ಬರುವುದು ನಗು. ನಗು ಮುಗಿದ ಮೇಲೆ ವಾದಗಳು ಬರುತ್ತವೆ. ನಗುವಿಗೆ ನನ್ನಲ್ಲಿ ಉತ್ತರವಿಲ್ಲ, ವಾದಗಳಿಗಿದೆ. ಗೊರೇಬಾಳದಂಥ ಹಳ್ಳಿಯ ಚಹಾದಂಗಡಿಯಿಂದ ಹಿಡಿದು ತಾಲ್ಲೂಕು ಕೇಂದ್ರ ಸಿಂಧನೂರಿನ ಕಚೇರಿಗಳ ಪಡಸಾಲೆಯವರೆಗೆ ಓಡಾಡುತ್ತಿರುವ ಈ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

‘ಮೊದ್ಲ ಕುಡಿಯಾಕ ನೀರು ಕೊಡ್ರಿ, ಆಮ್ಯಾಲ ಎಐ ಗೀಐ ನೋಡೋಣು’ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವ ವಾದ. ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಕಾಲುವೆ ಕೆಳಗಿನ ಊರುಗಳಿಗೆ ಕುಡಿಯುವ ನೀರು ಬರುವುದೆಲ್ಲಿಂದ? ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವಾಗ ಊರಿನ ಕೆರೆ ತುಂಬಿಸಿಕೊಳ್ಳಬೇಕು. ಕಾಲುವೆ ಬಂದಾದ ಮೇಲೆ ಮತ್ತೆ ನೀರು ಬಿಡುವ ತನಕ ಆ ಕೆರೆಯನ್ನೇ ನಂಬಿ ದಿನ ದೂಡಬೇಕು. ಕಾಲುವೆ ನಿಲ್ಲುವ ದಿನ ಯಾವುದು, ಕೆರೆಯಲ್ಲಿ ಉಳಿದಿರುವುದು ಎಷ್ಟು ಅಡಿ, ಏಪ್ರಿಲ್ ಬಿಸಿಲಿಗೆ ಆವಿಯಾಗುವುದೆಷ್ಟು, ಜನಕ್ಕೂ ದನಕ್ಕೂ ಮಿಗುವುದೆಷ್ಟು, ಮುಂಗಾರು ಎರಡು ವಾರ ತಡವಾದರೆ ಗತಿಯೇನು? ಈ ಲೆಕ್ಕವನ್ನು ಜನವರಿಯಲ್ಲೇ ಹಾಕಿಟ್ಟರೆ ಅದಕ್ಕೆ ಹವಾಮಾನ ಯೋಜನೆ ಎನ್ನುತ್ತಾರೆ. ಹಾಕದಿದ್ದರೆ ಮೇ ತಿಂಗಳಲ್ಲಿ ಟ್ಯಾಂಕರ್ ಬಿಲ್ ಎನ್ನುತ್ತಾರೆ. 133 ಟಿಎಂಸಿ ಅಡಿ ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2023ರಲ್ಲಿ ಬರ. ಮರುವರ್ಷ ಡ್ಯಾಂ ತುಂಬಿತೆಂದು ಹಿಗ್ಗುವಷ್ಟರಲ್ಲಿ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಇಂಥ ಎರಡು ವರ್ಷ ಬೆನ್ನುಬೆನ್ನಿಗೆ ಕಂಡವರೂ ‘ನೀರು ಬೇರೆ, ಹವಾಮಾನ ಬೇರೆ’ ಎನ್ನುತ್ತಾರಲ್ಲ, ಅವರ ಧೈರ್ಯ ದೊಡ್ಡದು.

ಎರಡನೆಯದು ತುಸು ಓದಿಕೊಂಡವರ ವಾದ: ‘ಹವಾಮಾನದ ಯೋಜನೆ ರಾಜ್ಯ ಮಟ್ಟದಲ್ಲಿ ಆಗಿದೆ, ಪಂಚಾಯಿತಿ ಜಾರಿ ಮಾಡಿದರೆ ಸಾಕು.’ ಸರಿ, ಯಾವುದನ್ನು ಜಾರಿ ಮಾಡಬೇಕು? ಸಿಂಧನೂರಿನ ಭತ್ತಕ್ಕೆ ತುಂಗಭದ್ರೆ ಆಧಾರ. ಲಿಂಗಸುಗೂರಿನ ಒಂದಷ್ಟು ಹೊಲಗಳಿಗೆ ಕೃಷ್ಣೆಯ ನಾರಾಯಣಪುರ ಬಲದಂಡೆ. ಮಸ್ಕಿಯ ಒಣಭೂಮಿಯವರು 5ಎ ಎಂಬ ಶಾಖಾ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ಧರಣಿ ಕೂತವರು. ಅಕ್ಕಪಕ್ಕದ ಮೂರು ತಾಲ್ಲೂಕುಗಳಲ್ಲೇ ನೀರಿನ ಲೆಕ್ಕ ಇಷ್ಟು ಬೇರೆಬೇರೆ. ರಾಜ್ಯದ ಕಡತದಲ್ಲಿ ‘ಉತ್ತರ ಒಣವಲಯ’ ಎಂದು ಬರೆದ ಸಾಲು ಗೊರೇಬಾಳದ ಚರಂಡಿ ಯಾವ ಕಡೆ ಇಳಿಜಾರಾಗಬೇಕೆಂದು ಹೇಳುವುದಿಲ್ಲ. ಇನ್ನೊಂದು ತಮಾಷೆ ನೋಡಿ. ಬಿಸಿಲು ತಡೆಯಲಾಗದೆಂದು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ವಾಡಿಕೆ ಎಷ್ಟೋ ವರ್ಷದ್ದು. ಕಚೇರಿಗೊಂದು ಹವಾಮಾನ ಯೋಜನೆ ಇರಬಹುದು, ಊರಿಗೆ ಮಾತ್ರ ಇರಬಾರದು!

‘ಎಐ ಅನ್ನೋದು ಬೆಂಗಳೂರಿನ ಕಂಪನಿಯವರ ವ್ಯವಹಾರ, ನಮ್ಮ ಹೊಲಕ್ಕೂ ಅದಕ್ಕೂ ಏನು ಸಂಬಂಧ?’ ಎನ್ನುವವರ ಮುಂದೆ ತುಸು ಹೆಚ್ಚು ಹೊತ್ತು ಕೂರಬೇಕು. ಬೆಳೆ ವಿಮೆಯನ್ನೇ ತೆಗೆದುಕೊಳ್ಳಿ. ಮುಖ್ಯ ಬೆಳೆಗಳಿಗೆ ವಿಮಾ ಘಟಕ ಎಂದರೆ ಗ್ರಾಮ ಪಂಚಾಯಿತಿ. ನಿಮ್ಮ ಒಬ್ಬರ ಹೊಲದ ನಷ್ಟ ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಇಡೀ ಪಂಚಾಯಿತಿಯ ಸರಾಸರಿ ಇಳುವರಿ ಬರುತ್ತದೆ. ಹಿಂದೆ ಅದನ್ನು ಬೆಳೆ ಕಟಾವು ಪ್ರಯೋಗದಿಂದ ಮಾತ್ರ ತೆಗೆಯುತ್ತಿದ್ದರು. ಗೂಟ ನೆಟ್ಟು, ಹಗ್ಗ ಕಟ್ಟಿ, ಕೊಯ್ದು, ಬಡಿದು, ತೂಗುವಾಗ ಬದುವಿನ ಮೇಲೆ ನಿಂತ ರೈತ ತಕ್ಕಡಿಯ ಮುಳ್ಳು ನೋಡಬಹುದಿತ್ತು. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ನಿಯಮ ಬದಲಾಯಿತು. ಉಪಗ್ರಹ ಚಿತ್ರ ಮತ್ತು ಗಣಕದ ಮಾದರಿಗಳಿಂದ ತೆಗೆದ ಇಳುವರಿಗೆ ಶೇ 30ರಷ್ಟು ತೂಕ ಕೊಡಲೇಬೇಕು. ಭತ್ತ ಬೆಳೆಯುವವರು ನಾವು. ಅಂದರೆ ನಮ್ಮ ಪರಿಹಾರವನ್ನು ನಿರ್ಧರಿಸುವ ಇಳುವರಿಯ ಸುಮಾರು ಮೂರನೇ ಒಂದು ಪಾಲನ್ನು ಯಾವ ಬದುವಿನಿಂದಲೂ ಕಾಣದ ತಕ್ಕಡಿಯೊಂದು ತೂಗುತ್ತದೆ. ಆ ಅಂಕಿ ತಪ್ಪೆನಿಸಿದರೆ ಕೇಳಬೇಕಾದವರು ಯಾರು? ಪಂಚಾಯಿತಿಯೇ ಘಟಕವಾದ ಮೇಲೆ ಪಂಚಾಯಿತಿಯ ಅಧ್ಯಕ್ಷರಲ್ಲವೇ? ಅವರು ಕೇಳಬೇಕಾದದ್ದು ರಾಕೆಟ್ ವಿಜ್ಞಾನವನ್ನೂ ಅಲ್ಲ. ಚಿತ್ರ ತೆಗೆದ ದಿನ ಮೋಡವಿತ್ತೇ? ಮಾದರಿಯನ್ನು ಯಾವ ಊರಿನ ಕಟಾವಿನ ಅಂಕಿಗೆ ಒರೆಹಚ್ಚಿದ್ದಾರೆ? ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ತೆನೆ ನೆಲಕ್ಕೊರಗಿದ್ದು ಅದಕ್ಕೆ ಗೊತ್ತಾಗುತ್ತದೆಯೇ? ಇಷ್ಟನ್ನು ಕೇಳಲು ಒಂದೆರಡು ದಿನದ ಕಲಿಕೆ ಬೇಕು. ಅದೂ ಬೇಡವೆನ್ನುವುದು ರೈತಪರ ನಿಲುವಂತೆ!

ಮಳೆಯ ವಿಷಯದಲ್ಲೂ ಇದೇ ಕಥೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಕೂರಿಸಿದೆ. ಅದು 15 ನಿಮಿಷಕ್ಕೊಮ್ಮೆ ತಾನಾಗಿ ಅಂಕಿ ಕಳಿಸುತ್ತದೆ. 2024ರ ಅಕ್ಟೋಬರ್‌ನಿಂದ ಪಂಚಾಯಿತಿ ಮಟ್ಟದ ಐದು ದಿನಗಳ ಮುನ್ಸೂಚನೆಯೂ ಸಿಗುತ್ತದೆ. ಇನ್ನು 2025ರ ಮುಂಗಾರಿಗೆ ಮುನ್ನ ಕೇಂದ್ರ ಕೃಷಿ ಸಚಿವಾಲಯ ಎಐ ಮಾದರಿಗಳಿಂದ ತೆಗೆದ ಮುಂಗಾರು ಪ್ರವೇಶದ ಮುನ್ಸೂಚನೆಯನ್ನು 13 ರಾಜ್ಯಗಳ 3.8 ಕೋಟಿಗೂ ಹೆಚ್ಚು ರೈತರ ಮೊಬೈಲಿಗೆ ಕಳಿಸಿತು. ಸಂದೇಶ ಹೋದದ್ದು ಐದು ಭಾಷೆಗಳಲ್ಲಿ: ಹಿಂದಿ, ಒಡಿಯಾ, ಮರಾಠಿ, ಬಂಗಾಳಿ, ಪಂಜಾಬಿ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ‘ನಮಗ್ಯಾಕೆ ಎಐ’ ಎಂದು ನಾವು ಕೇಳುತ್ತಾ ಕೂತರೆ ‘ನಿಮಗ್ಯಾಕೆ ಕನ್ನಡದಲ್ಲಿ’ ಎಂದು ಅವರೂ ಕೇಳಿಯಾರು.

ಮುಂದಿನದನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ: ‘ಅಧ್ಯಕ್ಷೆಗೆ ಸಹಿ ಮಾಡೋದೇ ಕಷ್ಟ, ಅವ್ರಿಗೆ ಎಐ ಏನು ತಿಳೀತದ?’ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟು 1987ರಲ್ಲಿ ಚುನಾವಣೆ ನಡೆಸಿದಾಗಲೂ ಕೇಳಿದ್ದ ದನಿಯೇ ಇದು. ಇವತ್ತು ಪಾಲು ಶೇ 50 ಆಗಿದೆ, ದನಿ ಬದಲಾಗಿಲ್ಲ. ಇದರೊಳಗಿನ ವಿರೋಧಾಭಾಸ ನೋಡಿ: ಓದು ಬಾರದವರಿಗೆ ಅಕ್ಷರದ ಹಂಗಿಲ್ಲದೆ ಮಾತಿನಲ್ಲೇ ಪ್ರಶ್ನೆ ಕೇಳಿ ಮಾತಿನಲ್ಲೇ ಉತ್ತರ ಪಡೆಯುವ ಅನುಕೂಲ ಕೊಡುವ ಯಂತ್ರ ಇದು. ಓದು ಬಾರದು ಎಂಬ ಕಾರಣಕ್ಕೆ ಅದನ್ನೇ ಅವರಿಂದ ದೂರವಿಡಬೇಕಂತೆ. ನಿಜವಾದ ಅಳುಕು ಬೇರೆ ಕಡೆ ಇರಬಹುದು. ಗ್ರಾಮಸಭೆಯ ಧ್ವನಿಮುದ್ರಣದಿಂದ ನಡಾವಳಿ ಬರೆದುಕೊಡುವ ‘ಸಭಾಸಾರ’ ಎಂಬ ಎಐ ಸಾಧನವನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಖಾಲಿ ಹಾಳೆಗೆ ಮೊದಲು ಸಹಿ ಹಾಕಿಸಿ, ಠರಾವನ್ನು ಆಮೇಲೆ ಬರೆದುಕೊಳ್ಳುವ ರೂಢಿ ಇರುವ ಕಡೆ ಇದು ಅಪಾಯಕಾರಿ ತಂತ್ರಜ್ಞಾನವೇ ಸರಿ. ಅಂದಹಾಗೆ, 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನದ ತಾತ್ಪರ್ಯವೂ ಸಾಧನೆ ದೊಡ್ಡವರ ಸೊತ್ತಲ್ಲ, ಸಣ್ಣವರಿಗೂ ಸಾಧ್ಯ ಎಂಬುದೇ. ಬಂಡೆಯ ಮೇಲೆ ಕೆತ್ತಿಸಿದರೂ ಎರಡು ಸಾವಿರ ವರ್ಷದಲ್ಲಿ ಕೆಲವರಿಗೆ ತಲುಪಿಲ್ಲ.

‘ಪಿಡಿಒ ಇದ್ದಾರೆ, ಡೇಟಾ ಎಂಟ್ರಿ ಆಪರೇಟರ್ ಇದ್ದಾರೆ, ಅವರು ಕಲಿತರಾಯ್ತು.’ ಅವರೂ ಕಲಿಯಲಿ, ಬೇಡವೆಂದವರಾರು? ಆದರೆ ಹಣ ಪಾವತಿಗೆ ಅಧ್ಯಕ್ಷರ ಡಿಜಿಟಲ್ ಸಹಿ ಬೇಕು, ಮತ್ತು ಆ ಸಹಿಯ ಡೋಂಗಲ್ ಎಷ್ಟೋ ಕಡೆ ಇರುವುದು ಆಪರೇಟರ್ ಮೇಜಿನ ಖಾನೆಯಲ್ಲಿ. ತಿಳಿಯದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೆರಡು ವಾದಗಳಿವೆ. ಒಂದೇ ಬಾಯಿಂದ ಬರುತ್ತವಾದ್ದರಿಂದ ಒಟ್ಟಿಗೇ ನೋಡೋಣ. ‘ಎಐ ಸುಳ್ಳು ಹೇಳುತ್ತದೆ, ನಂಬಬಾರದು’ ಎಂಬುದು ಒಂದು. ‘ಅದು ವಿದ್ಯುತ್ತು, ನೀರು ನುಂಗುತ್ತದೆ, ಹವಾಮಾನಕ್ಕೇ ಕೇಡು’ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಅದು ಇಲ್ಲದ್ದನ್ನು ಇದೆಯೆಂದು ಘಂಟಾಘೋಷವಾಗಿ ಹೇಳುತ್ತದೆ. ದತ್ತಾಂಶ ಕೇಂದ್ರಗಳಿಗೆ ವಿದ್ಯುತ್ತು ಬೇಕು, ಮತ್ತು ಶಕ್ತಿನಗರದ 1720 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಬಲ್ಲ ನಮ್ಮ ಜಿಲ್ಲೆಗೆ ವಿದ್ಯುತ್ತಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನವೇನು? ಉದ್ಯೋಗ ಖಾತ್ರಿಯ ಹಾಜರಾತಿ ಆ್ಯಪ್ ನೆನಪಿಸಿಕೊಳ್ಳಿ. ಅದು ಎಐ ಕೂಡ ಆಗಿರಲಿಲ್ಲ, ದಿನಕ್ಕೆರಡು ಫೋಟೊ ಹಾಕುವ ವ್ಯವಸ್ಥೆಯಾಗಿತ್ತು. ಫೋಟೊದ ಫೋಟೊ ತೆಗೆದು, ಸಂಬಂಧವಿಲ್ಲದ ಚಿತ್ರ ಹಾಕಿ ಮೋಸ ನಡೆದಿದೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಒಪ್ಪಿಕೊಂಡು, ಫೋಟೊಗಳನ್ನು ಪರಿಶೀಲಿಸುವ ಹೊಣೆಯನ್ನು ಮತ್ತೆ ಪಂಚಾಯಿತಿಯ ಹೆಗಲಿಗೇ ಹಾಕಿತು. ಯಂತ್ರ ತಪ್ಪಿದಾಗ ಭಾರ ಇಳಿಯುವುದು ಇಲ್ಲಿಗೇ. ಹಾಗಾದರೆ ತಪ್ಪು ಹಿಡಿಯಲು ಕಲಿಯಬೇಕಾದವರೂ ಇಲ್ಲಿಯವರೇ. ನಮ್ಮ ಎದುರಾಳಿಗಳು ಕಲಿಯುವುದನ್ನೂ ಕೊಳ್ಳುವುದನ್ನೂ ಒಂದೇ ಮಾಡಿಕೊಂಡಿದ್ದಾರೆ. ಕಲಿತ ಅಧ್ಯಕ್ಷರು ‘ಈ ಸಾಧನ ನಮಗೆ ಬೇಡ’ ಎಂದು ಠರಾವು ಮಾಡಿದರೆ ಅದೂ ಕಲಿಕೆಯ ಫಲವೇ.

ಕೊನೆಗೆ ಉಳಿಯುವುದು ದುಡ್ಡಿನ ಮಾತು: ‘ಐದು ವರ್ಷಕ್ಕೆ ಮನೆಗೆ ಹೋಗೋರಿಗೆ ತರಬೇತಿ ಕೊಡೋದು ದಂಡ.’ ಎರಡು ವರ್ಷಕ್ಕೆ ವರ್ಗವಾಗುವ ಅಧಿಕಾರಿಗಳ ತರಬೇತಿ ದಂಡವೆಂದು ಇವರು ಯಾವತ್ತಾದರೂ ಅಂದಿದ್ದಾರೆಯೇ? 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಮುಂದಿನ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋದಾಗ ಆ ಕುರ್ಚಿಗಳಲ್ಲಿ ಕೂತವರು ಆಡಳಿತಾಧಿಕಾರಿಗಳು. ಕಾಲುವೆಗೆ ನೀರು ಬಿಡುವ ದಿನ ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿಯಲ್ಲಿ ಸಚಿವರು, ಶಾಸಕರು, ಎಂಜಿನಿಯರುಗಳು ಕೂರುತ್ತಾರೆ. ಊರಿನವರ ದನಿಗೆ ಉಳಿದದ್ದು ಗ್ರಾಮ ಪಂಚಾಯಿತಿ ಒಂದೇ. ಅಲ್ಲಿಯವರೂ ಕಲಿಯುವುದು ಬೇಡವಾದರೆ, ಮುಂದಿನ ಸುಗ್ಗಿಯಲ್ಲಿ ಉಪಗ್ರಹ ಹೇಳಿದ ಇಳುವರಿ ನಮ್ಮ ಕಣದ ರಾಶಿಗೆ ತಾಳೆಯಾಗದಿದ್ದಾಗ ವಿಮಾ ಕಂಪನಿಯ ಎದುರು ಕಾಗದ ಹಿಡಿದು ಕೂರುವವರು ಯಾರು? ‘ಬೇಡ’ ಎನ್ನುವವರು ಒಂದು ಹೆಸರು ಸೂಚಿಸಲಿ.